ಪಾರ್ಕಿನಲ್ಲಿ ಪೂವಮ್ಮನ ಅಡುಗೆಮನೆ

ತೊಂದರೆ ಶುರುವಾದದ್ದು ಒಂದು ನಗುವಿನಿಂದ.

ಹಿಂದಿನ ಭಾನುವಾರ ಅಚ್ಚಯ್ಯನವರ ಮನೆಗೆ ಆರು ಜನ ನೆಂಟರು ಬಂದಿದ್ದರು. ಹಾಲ್‌ನಲ್ಲಿ ಯಾರೋ ಏನೋ ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಗೋಡೆಯ ಆಚೆ ಕಡಂಬುಟ್ಟಿನ ಉಂಡೆ ಬೇಯಿಸುತ್ತಿದ್ದ ಹೆಂಡತಿ ಪೂವಮ್ಮ ಸೌಟು ಹಿಡಿದುಕೊಂಡೇ ಓಡಿಬಂದು, “ಏನು? ಏನು ಹೇಳಿದ್ರಿ?” ಎಂದು ಕೇಳಿದರು. ಹೇಳಿದವರು ಮತ್ತೊಮ್ಮೆ ಹೇಳಿದರು. ಎರಡನೇ ಸಲಕ್ಕೆ ಅದು ಆರಿಹೋದ ಕಾಫಿಯ ಹಾಗಿತ್ತು. ಪೂವಮ್ಮ ಮರ್ಯಾದೆಗೆ ಸ್ವಲ್ಪ ನಕ್ಕು ಒಳಗೆ ಹೋದರು. ಅವರು ಒಲೆಯ ಹತ್ತಿರ ತಲುಪುವಷ್ಟರಲ್ಲಿ ಹೊರಗೆ ಇನ್ನೊಂದು ನಗು ಎದ್ದಿತು.

ನೆಂಟರು ಹೋದ ಮೇಲೆ ಅವರು ಗಂಡನ ಎದುರು ಬಂದು ನಿಂತರು.

“ಈ ಮನೆಗೆ ಬಂದು ಹನ್ನೊಂದು ವರ್ಷ ಆಯ್ತು. ನಗು ಕೇಳಿಸ್ಕೊಂಡಿದೀನಿ, ಒಂದು ಜೋಕೂ ಕೇಳಿಸ್ಕೊಂಡಿಲ್ಲ. ಈ ಸಲ ಹುತ್ತರಿ ಹಬ್ಬಕ್ಕೆ ನಲವತ್ತು ಜನ ನಮ್ಮಲ್ಲಿಗೆ ಬರ್ತಾರೆ. ಆ ಗೋಡೆ ಇರಬೇಕು, ಇಲ್ಲ ನಾನು ಇರಬೇಕು. ಯಾವುದು ಬೇಕೋ ನೀವೇ ಹೇಳಿ.”

ಅಚ್ಚಯ್ಯ ಸ್ವಲ್ಪ ಯೋಚಿಸಿ, ಗೋಡೆ ಬೇಡ ಅಂದರು. ಸ್ವಲ್ಪ ಯೋಚಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು ಪೂವಮ್ಮ.

ಗೋಡೆ ಒಡೆದು ಅಡುಗೆಮನೆಯನ್ನೂ ಊಟದ ಜಾಗವನ್ನೂ ಒಂದೇ ಮಾಡುವುದು ಎಂದು ತೀರ್ಮಾನವಾಯಿತು. ಕಟ್ಟಡ ಕೆಲಸದ ಠೇಕೇದಾರ್ ದೀನಾನಾಥ್ ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಒಡೆಯೋದು ಒಂದು ಗಂಟೆ ಕೆಲಸ ಸಾಬ್. ಆದ್ರೆ ಎಲ್ಲಿ ಏನು ಅಂತ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪಕ್ಕಾ ಹೇಳ್ಬೇಕು. ಸಂಜೆ ಕಟ್ಟೆಗೆ ಕಲ್ಲು ತರ್ತೀನಿ, ಸೋಮವಾರ ಕೆಲಸ ಶುರು. ಆಮೇಲೆ ಊರಿಗೆ ಚಳಿಗಾಲದ ಹೊಗೆ ಬಂತು ಅಂದ್ರೆ ಸರ್ಕಾರ ಕಟ್ಟೋದು ಒಡೆಯೋದು ಎಲ್ಲಾ ಬಂದ್ ಮಾಡ್ಸುತ್ತೆ. ಮತ್ತೆ ನಾನು ಸಿಗೋದು ಫೆಬ್ರವರಿಗೆ” ಎಂದ. ಅಕ್ಟೋಬರ್ ಆಗಲೇ ಅರ್ಧ ಮುಗಿದಿತ್ತು. ಬೆಳಿಗ್ಗೆ ಎದ್ದರೆ ಗಂಟಲು ಕೆರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಅಚ್ಚಯ್ಯ ಟೇಪು ಹಿಡಿದು ಅಡುಗೆಮನೆಗೆ ಇಳಿದರು. ಒಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ಒಂದೊಂದು ಇಂಚನ್ನೂ ಅಳೆದು ಬರೆದುಕೊಂಡರು. ಮಗಳು ಪ್ರೇರಣಾ ಹಲ್ಲುಜ್ಜುತ್ತಾ ಬಂದು ನೋಡಿದಳು.

“ಪಪ್ಪಾ, ಇದಕ್ಕೆ ಆ್ಯಪ್ ಇದೆ. ಫೋಟೋ ಹಾಕಿದ್ರೆ ಪೂರಾ ಕಿಚನ್ ಥ್ರೀಡಿ ತೋರ್ಸುತ್ತೆ.”

“ಆ್ಯಪ್ ಒಳಗೆ ನಿಮ್ಮಮ್ಮ ಸಾರಿನ ಪಾತ್ರೆ ಹಿಡ್ಕೊಂಡು ನಡೆಯೋಕೆ ಆಗುತ್ತಾ?”

“ಅದು ತೋ ಆಗಲ್ಲ.”

“ಮತ್ತೆ? ನೆಲದ ಮೇಲೆ ನಡೆದು ನೋಡದ ಪ್ಲಾನು ಪ್ಲಾನೇ ಅಲ್ಲ.”

ಅಚ್ಚಯ್ಯ ನಿವೃತ್ತ ಸುಬೇದಾರ್. ಸೇನೆಯ ತರಬೇತಿ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಹೊಸ ಹುಡುಗರಿಗೆ ಡ್ರಿಲ್ ಕಲಿಸಿದವರು. ಅಲ್ಲಿ ಯಾವ ಕೆಲಸವಿದ್ದರೂ ಮೊದಲು ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ, ನಡೆದು ನೋಡಿ, ಆಮೇಲೆ ನಿಜವಾದದ್ದನ್ನು ಮಾಡುತ್ತಿದ್ದರು. ಅಡುಗೆಮನೆಗೆ ಬೇರೆ ನಿಯಮ ಯಾಕಿರಬೇಕು?

ಏಳು ಗಂಟೆಗೆ ಫ್ಲಾಟುಗಳ ಸೊಸೈಟಿಯ ಪಾರ್ಕಿನಲ್ಲಿ ಅಚ್ಚಯ್ಯ ಗೂಟ ಹೊಡೆದು ಹುರಿ ಕಟ್ಟಿದರು. ಒಂದು ಕೈಯಲ್ಲಿ ಬರೆದುಕೊಂಡ ಚೀಟಿ, ಇನ್ನೊಂದು ಕೈಯಲ್ಲಿ ಸುಣ್ಣದ ಪುಡಿಯ ಡಬ್ಬ. ಏಳೂವರೆಗೆ ಹುಲ್ಲಿನ ಮೇಲೆ ಬೆಳ್ಳಗೆ ಒಂದು ಅಡುಗೆಮನೆ ಎದ್ದು ನಿಂತಿತು, ಅಂದರೆ ಮಲಗಿತು. ಒಲೆ ಒಂದು ಚೌಕ, ಸಿಂಕ್ ಒಂದು ಚೌಕ, ಫ್ರಿಜ್ ಇನ್ನೊಂದು. ಆಚೆ ಊಟದ ಮೇಜು, ಅದರ ಸುತ್ತ ಸೊಸೈಟಿಯ ಪ್ಲಾಸ್ಟಿಕ್ ಕುರ್ಚಿಗಳು. ಮಧ್ಯೆ ಗೋಡೆಯಿಲ್ಲ.

ಗೋಡೆಯಿಲ್ಲದ್ದೇ ಮೊದಲನೆಯ ತೊಂದರೆಯಾಯಿತು. ಬೆಳಗಿನ ವಾಕಿಂಗಿನವರು ತಮ್ಮ ದಾರಿಯಲ್ಲೇ ನಡೆದುಕೊಂಡು ಒಲೆ ತುಳಿದು, ಸಿಂಕ್ ದಾಟಿ, ಊಟದ ಮೇಜಿನ ಮೇಲೆ ಹಾದುಹೋದರು.

“ಭಯ್ಯಾ, ಒಲೆ! ಒಲೆ ಮೇಲೆ ಕಾಲು!” ಎಂದು ಅಚ್ಚಯ್ಯ ಕೂಗಿದರು. ಆ ಮನುಷ್ಯ ಬಿಸಿ ತಾಗಿದವನಂತೆ ಹಾರಿ ಪಕ್ಕಕ್ಕೆ ನಿಂತ. ಹಾರಿ ಬಿದ್ದದ್ದು ಸಿಂಕಿನೊಳಗೆ.

ಬೀದಿನಾಯಿಯೊಂದು ಬಂದು ಫ್ರಿಜ್ಜಿನಲ್ಲಿ ಸುರುಳಿ ಸುತ್ತಿ ಮಲಗಿತು. ಎಬ್ಬಿಸಿದರೆ ಎದ್ದು, ಒಂದು ಸುತ್ತು ತಿರುಗಿ, ಮತ್ತೆ ಅಲ್ಲೇ ಮಲಗಿತು. ಇಡೀ ಪಾರ್ಕಿನಲ್ಲಿ ಅದಕ್ಕೆ ತಂಪಾದ ಜಾಗ ಅದೊಂದೇ ಎನ್ನುವಂತಿತ್ತು.

ಎಂಟಕ್ಕೆ ಸೊಸೈಟಿಯ ಕಾರ್ಯದರ್ಶಿ ಖುರಾನಾ ಬಂದರು. ಬೆಳ್ಳನೆಯ ಗೆರೆ ನೋಡಿ ಅವರ ಮುಖವೂ ಬೆಳ್ಳಗಾಯಿತು.

“ಸುಬೇದಾರ್ ಸಾಬ್, ಯೇ ಕ್ಯಾ ಹೈ? ಪಾರ್ಕಿನಲ್ಲಿ ಮನೆ ಕಟ್ತಿದ್ದೀರಾ?”

“ಮನೆಯಲ್ಲ ಖುರಾನಾ ಜೀ. ಬರೀ ಅಡುಗೆಮನೆ.”

“ಮೊದಲು ಎಲ್ಲರೂ ಬರೀ ಅಡುಗೆಮನೆ ಅಂತಾನೇ ಶುರು ಮಾಡ್ತಾರೆ. ಆಮೇಲೆ ಮೇಲೊಂದು ಮಹಡಿ ಬರುತ್ತೆ.”

ಅರ್ಧ ಗಂಟೆ ವಿವರಿಸಿದ ಮೇಲೆ ಖುರಾನಾಗೆ ಸಮಾಧಾನವಾಯಿತು. ಸಮಾಧಾನವಾದ ತಕ್ಷಣ ಅವರು ಸಲಹೆ ಕೊಡಲು ತೊಡಗಿದರು. ಮೇಜು ಚಿಕ್ಕದಾಯಿತು. ಇನ್ನೂ ಎರಡು ಅಡಿ ಬೇಕು. ಇಲ್ಲಿ ಎತ್ತರದ ಸ್ಟೂಲು ಹಾಕಿದರೆ ಸಂಜೆ ಇಬ್ಬರು ಗೆಳೆಯರು ಕೂತು ಏನಾದರೂ ಕುಡಿಯಬಹುದು. ಗೆಳೆಯರಲ್ಲಿ ಒಬ್ಬರು ಯಾರು ಎಂಬುದು ಅವರ ನಗುವಿನಿಂದಲೇ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ವೆಂಕಟಸುಬ್ಬಯ್ಯನವರು ಮೆಟ್ಟಿಲಿಳಿದು ಬಂದರು. ಅಚ್ಚಯ್ಯನವರ ಎದುರಿನ ಫ್ಲಾಟಿನವರು. ಒಂದು ಬಾಗಿಲು ತೆರೆದರೆ ಇನ್ನೊಂದು ಬಾಗಿಲು ಕಾಣುವಷ್ಟು ಎದುರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕಡತಗಳ ಮೇಲೆ ಆಕ್ಷೇಪಣೆ ಬರೆದು ನಿವೃತ್ತರಾದವರು. ನಿವೃತ್ತಿಯ ನಂತರ ಅವರಿಗೆ ಕಡತಗಳು ಮಾತ್ರ ಕಡಿಮೆಯಾಗಿದ್ದವು. ಕೈಯಲ್ಲಿ ಒಂದು ಹಾಳೆ ಹಿಡಿದೇ ಬಂದಿದ್ದರು.

“ಸುಬೇದಾರ್ರೇ, ಬಾಲ್ಕನಿಯಿಂದ ನೋಡ್ತಾ ಇದ್ದೆ. ಆರು ಆಕ್ಷೇಪಣೆ ಇದೆ.”

“ಹೇಳಿ ರಾಯರೇ.”

“ಹೇಳೋದಲ್ಲ, ಬರೆದಿದೀನಿ. ಒಂದು, ಫ್ರಿಜ್ಜಿನಲ್ಲಿ ನಾಯಿ ಇದೆ.”

ಅಚ್ಚಯ್ಯ ನಾಯಿಯ ಕಡೆ ಒಂದು ಸಲ ನೋಡಿದರು. ಉಳಿದ ಐದನ್ನೂ ನಿಂತುಕೊಂಡೇ ಕೇಳಿದರು. ಅವರು ಕೇಳಿ ಮುಗಿಸುವ ಹೊತ್ತಿಗೆ ಮಾಲಿ ಪೈಪು ತಿರುಗಿಸಿದ್ದ. ನೀರು ಹಾರಿ ಅರ್ಧ ಅಡುಗೆಮನೆ ಕೊಚ್ಚಿಹೋಯಿತು. ನಾಯಿ ಮಾತ್ರ ಕದಲಲಿಲ್ಲ.

ಹತ್ತು ಗಂಟೆಗೆ ಗೆರೆಗಳು ಮತ್ತೆ ಹುಟ್ಟಿದವು. ಚೀಟಿ ಅದೇ, ಅಳತೆ ಅದೇ. ಅಚ್ಚಯ್ಯ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಹೆಂಡತಿಯನ್ನು ಕರೆದರು.

“ಈಗ ನಡೆದು ನೋಡೋಣ. ಫ್ರಿಜ್ಜಿನಿಂದ ತರಕಾರಿ ತಗೋ, ತೊಳಿ, ಹೆಚ್ಚು, ಒಲೆ ಮೇಲಿಡು, ಬಡಿಸು. ನಾನು ಟೈಮ್ ನೋಡ್ತೀನಿ.”

“ರೀ, ಎಲ್ಲಾ ನೋಡ್ತಿದಾರೆ.”

“ನೋಡಲಿ. ಓಪನ್ ಕಿಚನ್ ಅಂದ್ರೆ ಅದೇ ಅಲ್ವಾ?”

ಅಚ್ಚಯ್ಯ ಸೀಟಿ ಊದಿದರು. ಪೂವಮ್ಮ ಇಲ್ಲದ ತರಕಾರಿಯನ್ನು ನಾಯಿಯ ಮೇಲಿಂದ ಬಗ್ಗಿ ತೆಗೆದುಕೊಂಡರು. ಸಿಂಕಿನ ಕಡೆ ತಿರುಗಿದರು. ಅಲ್ಲಿ ಸಿಂಕ್ ಇರಲಿಲ್ಲ.

“ಆ ಕಡೆ, ಆ ಕಡೆ!”

“ಕೈ ಈ ಕಡೆಗೇ ಹೋಗುತ್ತೆ ರೀ.”

“ಹಳೇ ಅಭ್ಯಾಸ. ಹೊಸ ಜಾಗಕ್ಕೆ ಹೊಂದ್ಕೋಬೇಕು. ಇನ್ನೊಂದು ಸಲ.”

ಇನ್ನೊಂದು ಸಲವೂ ಪೂವಮ್ಮನ ಕೈ ತಪ್ಪಿತು. ಮೂರನೇ ಸಲ ಅವರು ಸಾರಿನ ಪಾತ್ರೆಯನ್ನು ಒಲೆಯ ಮೇಲಿಡುವ ಬದಲು ಖುರಾನಾ ಅವರ ಕಾಲಿನ ಮೇಲಿಟ್ಟರು. ಪಾತ್ರೆ ನಿಜವಾದದ್ದಾಗಿತ್ತು.

ಗಲಾಟೆ ಕೇಳಿ ವೆಂಕಟಸುಬ್ಬಯ್ಯನವರ ಹೆಂಡತಿ ಇಂದಿರಮ್ಮನೂ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಎಲ್ಲಿ, ನಾನೊಂದು ಸಲ ನೋಡ್ತೀನಿ ತಡಿ” ಎಂದು ಗೆರೆಯೊಳಗೆ ಕಾಲಿಟ್ಟರು.

ಆಮೇಲೆ ನಡೆದದ್ದನ್ನು ಪಾರ್ಕಿನಲ್ಲಿದ್ದವರೆಲ್ಲ ನಿಂತು ನೋಡಿದರು. ಇಂದಿರಮ್ಮ ಪಕ್ಕಕ್ಕೆ ಕೈ ಚಾಚಿದರೆ ಅಲ್ಲಿ ಸಿಂಕ್ ಇತ್ತು. ತಿರುಗಿದರೆ ಒಲೆ ಇತ್ತು. ನೆಲ ನೋಡದೆ, ಗೆರೆ ತುಳಿಯದೆ, ಮಾತಾಡುತ್ತಲೇ ಅವರು ಗಾಳಿಯಲ್ಲಿ ಒಂದು ಹುಳಿ, ಒಂದು ಪಲ್ಯ, ಅನ್ನ ಮಾಡಿ ಮುಗಿಸಿ ಕೈ ಒರೆಸಿಕೊಂಡರು.

“ಎರಡು ನಿಮಿಷ ಹತ್ತು ಸೆಕೆಂಡು!” ಅಚ್ಚಯ್ಯ ಉತ್ಸಾಹದಿಂದ ಕೂಗಿದರು. “ನೋಡಿದ್ಯಾ ಪೂವಮ್ಮ? ಪ್ಲಾನು ಸರಿ ಇದೆ. ಇದನ್ನ ಹೇಗೆ ಬಳಸ್ಬೇಕು ಅಂತ ಇಂದಿರಮ್ಮನವರನ್ನ ನೋಡಿ ಕಲಿ.”

“ಏನೋಪ್ಪ, ಕಣ್ಣು ಕಟ್ಟಿ ಬಿಟ್ರೂ ಮಾಡ್ತೀನಿ ಅನ್ನಿಸ್ತು” ಎಂದರು ಇಂದಿರಮ್ಮ, ತಮಗೇ ಆಶ್ಚರ್ಯವಾದಂತೆ.

ಪೂವಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಗೆರೆಯ ಆಚೆ ಹೋಗಿ ನಿಂತರು. ಒಂದೇ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದ ಮೇಲೆ ಗಂಡನ ಬಾಯಲ್ಲಿ ಇನ್ನೊಬ್ಬರನ್ನು ನೋಡಿ ಕಲಿ ಎಂದು ಕೇಳಿಸಿಕೊಂಡವರು ಸುಮ್ಮನಿರುವುದು ಒಳ್ಳೆಯ ಲಕ್ಷಣವಲ್ಲ. ಪ್ರೇರಣಾ ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದು, “ಪಪ್ಪಾ, ಯೂ ಆರ್ ಗಾನ್. ಸಾರಿ ಬೋಲೋ” ಎಂದಳು.

ಸಾರಿ ಹೇಳಲು ಸಮಯವಿರಲಿಲ್ಲ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ದೀನಾನಾಥ್ ಬಂದ. ಅವನ ಬದುಕಿನಲ್ಲಿ ಹೀಗೆ ಗೆರೆ ಎಳೆದಿಟ್ಟ ಗಿರಾಕಿಯನ್ನು ಅವನು ನೋಡಿರಲಿಲ್ಲ.

“ವಾಹ್ ಸಾಬ್. ಬೇರೆಯವರು ಕೈಯಲ್ಲಿ ಗಾಳಿಗೆ ತೋರಿಸ್ತಾರೆ, ಆಮೇಲೆ ಜಗಳ ಮಾಡ್ತಾರೆ. ಇದು ಕೆಲಸ ಅಂದ್ರೆ.”

ತಾನೇ ಟೇಪು ಹಿಡಿದು ಸುಣ್ಣದ ಗೆರೆಗಳನ್ನು ಅಳೆದುಕೊಂಡ. ಒಲೆಯ ತೂತು ಇಲ್ಲಿ, ಸಿಂಕಿನ ತೂತು ಇಲ್ಲಿ. ಮುಂದಿನ ಅಂಚು ದುಂಡಗೆ, ಹಿಂದಿನದು ಹಾಗೇ. ಫೋನಿನಲ್ಲಿ ಫೋಟೋ ತೆಗೆದುಕೊಂಡ. ವೆಂಕಟಸುಬ್ಬಯ್ಯನವರು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೆಳಗೆ ಎಲ್ಲರ ರುಜು ಹಾಕಿಸಿದರು. ಖುರಾನಾ ಕುಂಟುತ್ತಾ ಬಂದು ರುಜು ಹಾಕಿದರು. ಪೂವಮ್ಮ ಕೂಡ ಹಾಕಿದರು, ಪೆನ್ನು ಹಾಳೆಯ ಆಚೆ ಬರುವಷ್ಟು ಒತ್ತಿ.

“ಕಲ್ಲು ಕೊರೆದ ಮೇಲೆ ಅಂಗಡಿಯವನು ವಾಪಸ್ ತಗೊಳ್ಳಲ್ಲ ಸಾಬ್. ಪಕ್ಕಾ ತಾನೇ?”

“ಪಕ್ಕಾ” ಎಂದರು ಅಚ್ಚಯ್ಯ.

ಮಧ್ಯಾಹ್ನ ಊಟದ ಹೊತ್ತಿಗೆ ಅವರಿಗೆ ಅನ್ನ, ಮೊಸರು ಸಿಕ್ಕಿತು. ಉಪ್ಪಿನಕಾಯಿ ಕೇಳಿದಾಗ, “ಎಲ್ಲಿದೆ ಅಂತ ಇಂದಿರಮ್ಮನವರನ್ನ ಕೇಳಿ” ಎಂಬ ಉತ್ತರ ಬಂತು. ಅಚ್ಚಯ್ಯ ಬರೀ ಮೊಸರನ್ನವನ್ನೇ ಉಂಡು ಮಲಗಿದರು. ಕೆಲಸ ಮುಗಿದಿತ್ತು. ಹುತ್ತರಿಯ ದಿನ ನಲವತ್ತು ಜನರ ಮಧ್ಯೆ ನಿಂತು ಅಡುಗೆ ಮಾಡುತ್ತಾ ಜೋಕು ಕೇಳುವಾಗ ಅವಳಿಗೇ ಗೊತ್ತಾಗುತ್ತದೆ ಎಂದುಕೊಂಡರು.

ಐದು ಗಂಟೆಗೆ ಟೆಂಪೋ ಬಂತು. ಕಪ್ಪು ಗ್ರಾನೈಟ್, ಮುಖ ನೋಡಿಕೊಳ್ಳುವಷ್ಟು ಹೊಳಪು. ಉದ್ದದ ಕಲ್ಲಿಗೆ ಒಲೆಯ ತೂತು, ಗಿಡ್ಡದ್ದಕ್ಕೆ ಸಿಂಕಿನ ತೂತು. ನಾಲ್ಕು ಜನ ಒಂದೊಂದಾಗಿ ಎರಡು ಮಹಡಿ ಹೊತ್ತು ತಂದರು. ಸೊಸೈಟಿಯ ಅರ್ಧ ಜನ ಹಿಂದೆ ಹತ್ತಿದರು. ಬೆಳಿಗ್ಗೆ ಪಾರ್ಕಿನಲ್ಲಿ ನೋಡಿದ ಅಡುಗೆಮನೆ ಸಂಜೆ ಮನೆಯಲ್ಲಿ ಹೇಗಿದೆ ಎಂದು ಯಾರಿಗಾದರೂ ಕುತೂಹಲವಿರುವುದು ಸಹಜ.

“ಹಳೇ ಕಟ್ಟೆ ಮೇಲೇ ಒಂದು ಸಲ ಇಟ್ಟು ನೋಡೋಣ” ಎಂದ ದೀನಾನಾಥ್.

ಉದ್ದದ ಕಲ್ಲು ಒಲೆಯ ಗೋಡೆಗೆ ಕೂತಿತು. ಅಚ್ಚಯ್ಯ ತಲೆಯಾಡಿಸಿದರು. ಗಿಡ್ಡದ್ದನ್ನು ಅದರ ತುದಿಗೆ ಜೋಡಿಸಲು ಹೋದಾಗ ಕಲ್ಲು ಹೊತ್ತವರು ನಿಂತುಬಿಟ್ಟರು. ಆ ತುದಿಯಲ್ಲಿ ಬಾಲ್ಕನಿಯ ಬಾಗಿಲಿತ್ತು. ನಲ್ಲಿ ಇದ್ದದ್ದು ಇನ್ನೊಂದು ತುದಿಯಲ್ಲಿ.

“ಸಾಬ್, ಸಿಂಕ್ ಇಲ್ಲಿ ಬರುತ್ತೆ. ಬಾಲ್ಕನಿಗೆ ಹೋಗ್ಬೇಕಾದ್ರೆ ಸಿಂಕ್ ಹತ್ತಿ ದಾಟ್ಬೇಕು.”

“ತಿರುಗಿಸಿ ಇಡು.”

ತಿರುಗಿಸಿ ಇಟ್ಟರು. ದುಂಡಗಿನ ಅಂಚು ಗೋಡೆಗೆ ಹೋಯಿತು, ಗರಗಸದ ಹಲ್ಲಿನಂಥ ಅಂಚು ಪೂವಮ್ಮನ ಹೊಟ್ಟೆಯ ಕಡೆ ಬಂತು.

“ಮಗುಚಿ ಇಡು.”

ಮಗುಚಿದರು. ಹೊಳಪು ಕೆಳಗಾಯಿತು. ಮೇಲೆ ಬಂದದ್ದು ಒರಟು ಬೂದು ಕಲ್ಲು, ರಸ್ತೆಯ ಬದಿಯಲ್ಲಿ ಬಿದ್ದಿರುವಂಥದ್ದು.

ಖುರಾನಾ ಮೆಲ್ಲಗೆ, “ಪಾರ್ಕಿನಲ್ಲಿ ಚೆನ್ನಾಗೇ ಇತ್ತಲ್ಲ” ಎಂದರು.

“ಸಾಬ್, ಹೆಗಲು ಹೋಗ್ತಾ ಇದೆ. ಎಲ್ಲಾದ್ರೂ ಇಳಿಸ್ಬೇಕು” ಎಂದು ಹೊತ್ತವರು ಕೂಗಿದರು. ಅಚ್ಚಯ್ಯನವರ ಹಾಲ್ ತುಂಬ ಜನ ನಿಂತಿದ್ದರು, ಎದುರಿನ ಬಾಗಿಲು ತೆರೆದೇ ಇತ್ತು. ಇಂದಿರಮ್ಮ, “ಅಯ್ಯೋ, ಇಲ್ಲಿ ಇಳಿಸಿ, ಇಲ್ಲಿ ಇಳಿಸಿ” ಎಂದು ದಾರಿ ಮಾಡಿದರು. ಹಾಲ್‌ನ ನೆಲದ ಮೇಲೆ ಇಟ್ಟರೆ ತಮ್ಮ ಟೈಲ್ಸ್ ಒಡೆಯುತ್ತವೆಂದು ವೆಂಕಟಸುಬ್ಬಯ್ಯನವರು ಆಕ್ಷೇಪಿಸಿದರು. ಹೊತ್ತವರು ಹಾಗೇ ಮುಂದೆ ಹೋಗಿ, ಅವರ ಅಡುಗೆಮನೆಯ ಕಟ್ಟೆಯ ಮೇಲೆ ಗಿಡ್ಡದ್ದನ್ನು ಇಳಿಸಿದರು, ಪೂವಮ್ಮನ ಕಟ್ಟೆ ಖಾಲಿ ಮಾಡಲು ಉದ್ದದ್ದನ್ನೂ ಎತ್ತಿ ತಂದು ಅಲ್ಲೇ ಇಟ್ಟರು.

ಎರಡೂ ಕಲ್ಲುಗಳು ಮೆತ್ತಗೆ ಸದ್ದು ಮಾಡಿ ಕೂತವು. ಗಿಡ್ಡದ್ದು ಉದ್ದದ್ದಕ್ಕೆ ತಾಗಿ ಕೂತಿತು. ಒಂದು ಕೂದಲು ಹೋಗುವಷ್ಟೂ ಸಂದಿಯಿರಲಿಲ್ಲ. ಸಿಂಕಿನ ತೂತು ಸರಿಯಾಗಿ ನಲ್ಲಿಯ ಕೆಳಗೆ ಬಂತು. ನಲ್ಲಿಯಿಂದ ಒಂದು ಹನಿ ನೀರು ಅದರ ಮಧ್ಯಕ್ಕೆ ಬಿತ್ತು.

ದೀನಾನಾಥ್ ಆ ಬಾಗಿಲನ್ನು ನೋಡಿದ, ಈ ಬಾಗಿಲನ್ನು ನೋಡಿದ. “ಸಾಬ್, ಎದುರುಬದುರು ಫ್ಲಾಟು. ಅಲ್ಲಿಯ ಎಡ ಇಲ್ಲಿಯ ಬಲ. ನೀವು ಹಾಕಿದ ಗೆರೆ ಈ ಮನೆದು.”

“ಸಾಧ್ಯವೇ ಇಲ್ಲ” ಎಂದರು ಅಚ್ಚಯ್ಯ. “ನಮ್ಮ ಮನೇಲಿ ಒಲೆ ಗೋಡೆಗೆ ಬೆನ್ನು ಕೊಟ್ಟು ನಿಂತು ಬರ್ಕೊಂಡಿದೀನಿ. ಪಾರ್ಕಿನಲ್ಲೂ ಹಾಗೇ ನಿಂತಿದ್ದೆ.”

ವೆಂಕಟಸುಬ್ಬಯ್ಯನವರು ಚೀಟಿ ಕೇಳಿ ಪಡೆದರು. ಕನ್ನಡಕ ಏರಿಸಿ ಓದಿದರು. “ಎಡಕ್ಕೆ ಸಿಂಕ್. ಚೀಟಿ ಸರಿಯಾಗೇ ಇದೆ.”

ಅಚ್ಚಯ್ಯನವರ ಕೈ ತಾನಾಗಿಯೇ ಎದ್ದಿತು. ಬಲಗೈ. ಅದು ಬಲಕ್ಕೆ ಚಾಚಿ ನಿಂತಿತು.

ಎಲ್ಲರೂ ಆ ಕೈಯನ್ನು ನೋಡಿದರು. ಕೊನೆಗೆ ಅಚ್ಚಯ್ಯನವರೂ ನೋಡಿದರು.

“ಇಪ್ಪತ್ತೆರಡು ವರ್ಷ” ಎಂದರು ಪೂವಮ್ಮ, ಬೆಳಿಗ್ಗೆಯಿಂದ ಮೊದಲ ಸಲ ನೆಟ್ಟಗೆ ಮಾತಾಡುತ್ತಾ. “ಇಪ್ಪತ್ತೆರಡು ವರ್ಷ ಹುಡುಗರ ಎದುರು ನಿಂತು, ಎಡ ಅಂದಾಗೆಲ್ಲ ಅವರ ಎಡ ತೋರಿಸಿದ್ರಿ. ಇವತ್ತು ಎದುರಿಗೆ ಯಾವ ಹುಡುಗರಿದ್ರು ರೀ? ನಾಯಿ ಇತ್ತು.”

ಮುಂದಿನದೆಲ್ಲ ಬೇಗ ಬೇಗ ಮುಗಿಯಿತು. ಕೊರೆದ ಕಲ್ಲು ವಾಪಸ್ ಹೋಗುವಂತಿರಲಿಲ್ಲ. ಅಂಗಡಿಯಲ್ಲಿ ಆ ಕಲ್ಲು ಮುಗಿದಿತ್ತು, ಹೊಸದನ್ನು ತರಿಸಿ ಕೊರೆಯಲು ಅಂಗಡಿಯವನು ಎರಡು ವಾರ ಕೇಳಿದ. ದೀನಾನಾಥ್ ಆಕಾಶ ನೋಡಿ, ಎರಡು ವಾರದಲ್ಲಿ ತಾನು ಎಲ್ಲೂ ಸುತ್ತಿಗೆ ಎತ್ತುವಂತಿರುವುದಿಲ್ಲ, ಕಲ್ಲಿಲ್ಲದೆ ಗೋಡೆ ಒಡೆದರೆ ಫೆಬ್ರವರಿಯವರೆಗೆ ಎಲ್ಲ ಅರ್ಧಕ್ಕೇ ನಿಲ್ಲುತ್ತದೆ ಎಂದ. ಬೇಕಾದರೆ ಒಂದು ಅಡುಗೆಮನೆ ನಾಳೆಯೇ ಶುರು ಮಾಡುತ್ತೇನೆ, ಕಲ್ಲು ಕೂತಿರುವ ಅಡುಗೆಮನೆ, ಎಂದೂ ಸೇರಿಸಿದ.

ಇಂದಿರಮ್ಮ ಕಲ್ಲಿನ ಮೇಲೆ ಕೈ ಆಡಿಸುತ್ತಿದ್ದರು. “ಅಂದ್ರೆ, ಇದು ತಾನಾಗೇ ಬಂದು ಕೂತಿದೆ” ಎಂದು ಗಂಡನ ಕಡೆ ನೋಡಿದರು. “ನಮ್ಮ ಗೋಡೆನೂ ಒಡಿಸಿಬಿಡೋಣವಾ?”

ವೆಂಕಟಸುಬ್ಬಯ್ಯನವರು ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಸೊಸೈಟಿಯವರು ಉಸಿರು ಬಿಗಿ ಹಿಡಿದರು.

“ಆಕ್ಷೇಪಣೆ ಇಲ್ಲ” ಎಂದರು ಅವರು.

ಕಲ್ಲಿನ ಬೆಲೆ ಅಲ್ಲೇ ಇತ್ಯರ್ಥವಾಯಿತು. ಜನ ಚದುರಿದರು. ಅಚ್ಚಯ್ಯ ಹೆಂಡತಿಯ ಮುಖ ನೋಡಲಾರದೆ ಆ ಹೊಳೆಯುವ ಕಲ್ಲನ್ನು ನೋಡಿದರು. ಅದರಲ್ಲೂ ಹೆಂಡತಿಯ ಮುಖವೇ ಕಾಣಿಸಿತು.

“ಪೂವಮ್ಮ, ಹುತ್ತರಿಯ ಊಟ ಬೇರೆ ಯಾರ ಮನೆಯಲ್ಲಾದ್ರೂ…”

“ಯಾಕೆ ಬೇರೆ ಯಾರ ಮನೆ?” ಎಂದರು ಇಂದಿರಮ್ಮ. “ಹುತ್ತರಿ ಹೊತ್ತಿಗೆ ನಮ್ಮದು ರೆಡಿ ಇರುತ್ತೆ. ಇಲ್ಲೇ ಮಾಡೋಣ ಕಣೇ ಪೂವಮ್ಮ. ನೀನು, ನಾನು, ನಿಮ್ಮ ಕಡೆ ಹೆಂಗಸರೆಲ್ಲ. ಜನ ಇಲ್ಲೇ ಕೂತ್ಕೊಳ್ಳಲಿ.”

ಪೂವಮ್ಮನ ಮುಖ ಅರಳಿತು. ಅಚ್ಚಯ್ಯನವರದ್ದೂ ಅರಳಿತು. ಹೆಂಡತಿ ಕೇಳಿದ್ದು ಅವಳಿಗೆ ಸಿಕ್ಕಿತಲ್ಲ, ಬಾಗಿಲು ಒಂದು ಆಚೀಚೆ ಆದರೇನು ಎಂದುಕೊಂಡರು. ಬೆಳಿಗ್ಗೆಯಿಂದ ಮೊದಲ ಸಲ ಅವರ ಹೆಗಲು ಹಗುರವಾಯಿತು.

“ಆದ್ರೆ ಒಂದು” ಎಂದು ಇಂದಿರಮ್ಮ ಸಂಕೋಚದಿಂದ ದನಿ ತಗ್ಗಿಸಿದರು. “ನಿನಗೆ ಗೊತ್ತಲ್ಲ, ನಮ್ಮನೇಲಿ ಮಾಂಸ…”

“ಛೆ ಛೆ, ಅಕ್ಕ, ಅದನ್ನ ಇಲ್ಲಿಗೆ ತರ್ತೀವಾ? ಪಾಯಸ, ತಂಬುಟ್ಟು, ಪುಟ್ಟು ಎಲ್ಲಾ ಇಲ್ಲಿ. ಪಂದಿ ಕರಿ ಮಾತ್ರ ನಮ್ಮ ಮನೇಲಿ. ಇವರು ಮಾಡ್ತಾರೆ.”

“ನಾನಾ?” ಎಂದರು ಅಚ್ಚಯ್ಯ. “ನಲವತ್ತು ಜನಕ್ಕೆ? ಒಬ್ಬನೇ? ಆ ಅಡುಗೆಮನೇಲಿ ಇನ್ನೊಬ್ಬರು ನಿಲ್ಲೋಕೂ ಜಾಗ ಇಲ್ಲ!”

“ಹೌದಾ?” ಎಂದರು ಪೂವಮ್ಮ. “ನನಗೆ ಗೊತ್ತೇ ಇರಲಿಲ್ಲ ನೋಡಿ.”

ಇಂದಿರಮ್ಮನ ಜೊತೆ ಹೊಸ ಕಟ್ಟೆಯ ಮೇಲೆ ಎಲ್ಲಿ ಏನಿಡುವುದು ಎಂದು ಮಾತಾಡುತ್ತಾ ಅವರು ಒಳಗೆ ಹೋದರು. ಹೋದವರು ಏನೋ ನೆನಪಾಗಿ ಬಾಗಿಲ ತನಕ ಹಿಂದಿರುಗಿ ಬಂದರು.

“ರೀ, ಮತ್ತೆ ಅವತ್ತು ಬಾಗಿಲು ಭದ್ರವಾಗಿ ಹಾಕ್ಕೊಂಡು ಮಾಡಿ. ಅಕ್ಕನ ಮನೆಗೆ ವಾಸನೆ ಬರಬಾರದು.”